ಬೋರ್ಡೋ ದ್ರಾವಣದ ಪಾಠ ಮತ್ತು ಕೆಲವು ವಂದನೆಗಳು

ತೀರ್ಥಹಳ್ಳಿ ಸುತ್ತಮುತ್ತಲಿನ ಕೆಲವು ಪ್ರೌಢಶಾಲೆಗಳ ಶಿಕ್ಷಕರು ತಮ್ಮ ತಮ್ಮ ವಿಷಯದ ಗಡಿ ದಾಟಿ ಒಟ್ಟಾಗಿ ಪಾಠ ರೂಪಿಸುವುದನ್ನು ಕಲಿಯಲೆಂದು ಆರಂಭಿಸಿದ್ದ ತರಬೇತಿಯ ಮೊದಲ ವರ್ಷ ಈ ಶೈಕ್ಷಣಿಕ ಸಾಲಿನೊಂದಿಗೆ ಪೂರ್ಣಗೊಂಡಿದೆ. ಗುಂಪಿನ ಗಣಿತ ಶಿಕ್ಷಕನಾದ ನನಗೆ, ನೆರವಾದವರೆಲ್ಲರಿಗೆ ಬಹಿರಂಗವಾಗಿ ವಂದನೆ ಸಲ್ಲಿಸುವ ಹೊಣೆಯನ್ನು ಸಹೋದ್ಯೋಗಿಗಳು ಒಪ್ಪಿಸಿದ್ದಾರೆ.

ಮೊದಲ ವಂದನೆ ಸಂಪನ್ಮೂಲ ವ್ಯಕ್ತಿಗಳಿಗೆ. ಶಿಕ್ಷಕರಿಗೆ ವರ್ಷಕ್ಕೆ ಕನಿಷ್ಠ 50 ಗಂಟೆಗಳ ವೃತ್ತಿಪರ ಕಲಿಕೆಗೆ ಅವಕಾಶವಿರಬೇಕೆಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿ ಹೇಳುತ್ತದೆ. ಗಂಟೆಗಳನ್ನು ಲೆಕ್ಕಕ್ಕೆ ತುಂಬಿಸುವುದು ಕಷ್ಟವಲ್ಲ. ಇವರು ಹಾಗೆ ಮಾಡದೆ, ಯಾವೊಬ್ಬ ಶಿಕ್ಷಕರೂ ಒಬ್ಬರೇ ಪೂರ್ತಿಯಾಗಿ ಕಲಿಸಲಾಗದ, ಮಕ್ಕಳ ಮನೆಯಲ್ಲೇ ಇರುವ ಒಂದು ಸಂಗತಿಯನ್ನು ಆರಿಸಿಕೊಳ್ಳಿರೆಂದು ಕೇಳಿದರು. ನಾವು ಆರಿಸಿದ್ದು ಅಡಿಕೆಯ ಕೊಳೆರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣವನ್ನು.

ಶೇಕಡ 1ರ ದ್ರಾವಣವೆಂದರೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟ್), 1 ಕಿಲೋ ಸುಣ್ಣ. ಎರಡನ್ನೂ ತಲಾ 50 ಲೀಟರ್ ನೀರಿನಲ್ಲಿ ಬೇರೆ ಬೇರೆಯಾಗಿ ಕಲಸಿ, ಬಳಿಕ ಬೆರೆಸಬೇಕು. 200 ಲೀಟರಿನ ಡ್ರಮ್ಮಿಗೆ ಎಷ್ಟು ಬೇಕೆಂದು ಕೇಳಿ, ಅನುಪಾತದ ಲೆಕ್ಕ ಮಾಡಿಸಿ ಗಣಿತದವರು ಮುಂದಕ್ಕೆ ಹೋಗಬಹುದು. ತೋಟದಲ್ಲಿ ಮಾತ್ರ ಲೆಕ್ಕ ಅಲ್ಲಿಗೆ ಮುಗಿಯುವುದಿಲ್ಲ. ಗಾಳಿಗೆ ತೆರೆದಿಟ್ಟ ಸುಣ್ಣ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಕ್ಯಾಲ್ಸಿಯಂ ಕಾರ್ಬೊನೇಟ್ ಆಗುತ್ತಾ ಹೋಗುವುದರಿಂದ, ತಕ್ಕಡಿಯಲ್ಲಿ ಸರಿಯಾಗಿ ತೂಗಿದ 1 ಕಿಲೋ ಕೂಡ ಮೈಲುತುತ್ತದ ಆಮ್ಲೀಯತೆಯನ್ನು ತಟಸ್ಥಗೊಳಿಸಲು ಸಾಲದೆ ಹೋಗಬಹುದು. ಇದನ್ನು ತಿಳಿಯಲು ತುಕ್ಕಿಲ್ಲದ ಕತ್ತಿಯ ಅಲಗನ್ನು ದ್ರಾವಣದಲ್ಲಿ ಸ್ವಲ್ಪ ಹೊತ್ತು ಅದ್ದಿಡುತ್ತಾರೆ. ಅಲಗಿನ ಮೇಲೆ ತಾಮ್ರದ ಕೆಂಪು ಕೂತರೆ ಇನ್ನಷ್ಟು ಸುಣ್ಣ ಬೇಕೆಂದು ಅರ್ಥ. ಹತ್ತನೆಯ ತರಗತಿಯ ವಿಜ್ಞಾನ ಪುಸ್ತಕದಲ್ಲಿ ಕಬ್ಬಿಣದ ಮೊಳೆಯ ಪ್ರಯೋಗವಾಗಿ ಬರುವ, ದ್ರಾವಣದಲ್ಲಿರುವ ತಾಮ್ರದ ಜಾಗವನ್ನು ಕಬ್ಬಿಣ ಹಿಡಿಯುವ ಸ್ಥಾನಪಲ್ಲಟ ಕ್ರಿಯೆ ಇದೇ. ಶಾಲೆಗೆ ಬಂದು ಇದನ್ನು ಮಾಡಿ ತೋರಿಸಿದ ಕೊನೆಗಾರರಿಗೆ (ಅಡಿಕೆ ಮರ ಹತ್ತಿ ಕೊನೆ ಕೊಯ್ಯುವ, ಔಷಧಿ ಸಿಂಪಡಿಸುವ ಕೆಲಸಗಾರರಿಗೆ) ನಾವು ವಿಶೇಷವಾಗಿ ಋಣಿಗಳು. ಕೆಲಸದ ದಿನವನ್ನು ಬಿಟ್ಟು ಬಂದ ಅವರು, ಮಕ್ಕಳ ಪ್ರಶ್ನೆಗಳಿಗೆ ನಮಗಿಂತ ಹೆಚ್ಚಿನ ತಾಳ್ಮೆಯಿಂದ ಉತ್ತರಿಸಿದರು.

ಅನುಪಾತ ಎಲ್ಲಿ ನಿಲ್ಲುತ್ತದೆ, ಪರೀಕ್ಷೆ ಎಲ್ಲಿಂದ ಆರಂಭವಾಗುತ್ತದೆ ಎಂಬುದನ್ನು ಒಂದೇ ತರಗತಿಯಲ್ಲಿ ನನ್ನೊಡನೆ ನಿಂತು ಕಲಿಸಿದ ಸಿಬಿಝಡ್ (ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ) ಶಿಕ್ಷಕಿಗೆ ಕೃತಜ್ಞತೆಗಳು. 1880ರ ದಶಕದಲ್ಲಿ ಫ್ರಾನ್ಸಿನ ದ್ರಾಕ್ಷಿ ತೋಟಗಳಿಗಾಗಿ ರೂಪುಗೊಂಡ ಈ ಔಷಧಿ ಮಲೆನಾಡಿನ ಅಡಿಕೆ ತೋಟಕ್ಕೆ ಬಂದ ಬಗೆಯನ್ನು, ಮೈಸೂರು ಸಂಸ್ಥಾನದಲ್ಲಿ ಕೊಳೆರೋಗವನ್ನು ಅಧ್ಯಯನ ಮಾಡಿದ ಲೆಸ್ಲಿ ಕೋಲ್ಮನ್ನರ ಕೆಲಸದ ಮೂಲಕ ಸಮಾಜ ವಿಜ್ಞಾನದ ಶಿಕ್ಷಕರು ವಿವರಿಸಿದರು.

ಕನ್ನಡ ಶಿಕ್ಷಕಿಯ ಆಕ್ಷೇಪ ನಮಗೆ ದೊಡ್ಡ ಉಪಕಾರವಾಯಿತು. ಕೊಳೆರೋಗದ ಬಗ್ಗೆ ಪ್ರಬಂಧ ಬರೆಸಿದ ಮಾತ್ರಕ್ಕೆ ಭಾಷೆಯನ್ನು ಜೋಡಿಸಿದಂತಾಗುವುದಿಲ್ಲವೆಂದು ಅವರು ಸ್ಪಷ್ಟವಾಗಿ ಹೇಳಿದರು. ಬದಲಿಗೆ, ಕೊನೆಗಾರರು ಬಾಯಿಮಾತಿನಲ್ಲಿ ಹೇಳಿದ ಕ್ರಮವನ್ನು, ಈ ಕೆಲಸವನ್ನೇ ನೋಡಿರದವರೂ ಓದಿ ಮಾಡಬಹುದಾದ ಸೂಚನೆಗಳಾಗಿ ಮಕ್ಕಳಿಂದ ಬರೆಸಿದರು. ಯಾವ ಹಂತ ಬಿಟ್ಟುಹೋಗಿದೆಯೆಂದು ಮಕ್ಕಳೇ ಒಬ್ಬರದನ್ನೊಬ್ಬರು ತಿದ್ದಿದರು. ಎಲ್ಲ ವಿಷಯಗಳನ್ನೂ ಎಲ್ಲ ಪಾಠಕ್ಕೂ ಎಳೆದು ತರಬೇಕಿಲ್ಲವೆಂಬ ವಿವೇಕ ನಮ್ಮ ಗುಂಪಿಗೆ ಬಂದದ್ದು ಆ ಚರ್ಚೆಯಿಂದಲೇ. ಹಿಂದಿ ಮತ್ತು ದೈಹಿಕ ಶಿಕ್ಷಣದ ಶಿಕ್ಷಕರು ಈ ಪಾಠದಿಂದ ಹೊರಗುಳಿದರು. ಅದರಿಂದ ಯಾರಿಗೂ ನಷ್ಟವಾಗಲಿಲ್ಲ.

ಎಸ್ಸೆಸ್ಸೆಲ್ಸಿ ಫಲಿತಾಂಶದ ಒತ್ತಡ ಮತ್ತು ಮಳೆ ರಜೆಗಳ ನಡುವೆಯೂ ವೇಳಾಪಟ್ಟಿ ಬದಲಿಸಿ, ಅಕ್ಕಪಕ್ಕದ ಎರಡು ಅವಧಿಗಳನ್ನು ಒಟ್ಟುಗೂಡಿಸಿಕೊಟ್ಟ ಮುಖ್ಯ ಶಿಕ್ಷಕರಿಗೆ, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯರಿಗೆ ಹಾಗೂ ಸಭೆಯ ದಿನಗಳಲ್ಲಿ ನಮಗೂ ಊಟ ಬಡಿಸಿದ ಅಡುಗೆ ಸಿಬ್ಬಂದಿಗೆ ನಮನಗಳು.

ಬರುವ ಸಾಲಿಗೆ ಮಂಗನ ಕಾಯಿಲೆಯನ್ನು ವಿಷಯವಾಗಿ ಆರಿಸಿಕೊಂಡಿದ್ದೇವೆ. 1957ರಲ್ಲಿ ಇದೇ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ, ಉಣುಗುಗಳಿಂದ ಹರಡುವ ಈ ರೋಗದ ಪಾಠಕ್ಕೆ ಆಶಾ ಕಾರ್ಯಕರ್ತೆಯರ ನೆರವು ಬೇಕಾಗುತ್ತದೆ. ಬರಲು ಒಪ್ಪಿರುವವರಿಗೆ ಈಗಲೇ ವಂದನೆಗಳು. ಮೊದಲ ಸಭೆಯನ್ನು ಅವರ ಬಿಡುವು ನೋಡಿಕೊಂಡೇ ಜೂನ್‌ನಲ್ಲಿ ಕರೆಯುತ್ತೇವೆ.