ಎರಡು ದಿನ ಮಗು ಬರದಿದ್ದರೆ ನಾವು ಮನೆಗೆ ಬರುವುದು ಯಾಕೆ

ಪ್ರೀತಿಯ ಪೋಷಕರಿಗೆ,

ಚೌತಿ ರಜೆ ಮುಗಿದ ಮೇಲೆ ನಡೆದ ಸಭೆಯಲ್ಲಿ ಒಬ್ಬ ತಂದೆ ಎದ್ದು ನಿಂತು ಕೇಳಿದರು: "ಅಕ್ಕೋರೆ, ಹುಡುಗ ಎರಡು ದಿನ ಬರ್ಲಿಲ್ಲ ಅಂದ್ರೆ ಮನೆ ಬಾಗಿಲಿಗೇ ಬರ್ತೀರಿ. ನಮ್ಮ ಮೇಲೆ ಅನುಮಾನವಾ?" ಕೆಲವರು ನಕ್ಕರು, ಕೆಲವರು ತಲೆ ತಗ್ಗಿಸಿದರು. ಅವತ್ತಿನ ಗಡಿಬಿಡಿಯಲ್ಲಿ ನಾನು ಸರಿಯಾಗಿ ಉತ್ತರ ಕೊಡಲಿಲ್ಲ. ಅದು ಕೇಳಬೇಕಾದ ಪ್ರಶ್ನೆಯೇ. ಅದಕ್ಕೇ ಕೂತು ಬರೆಯುತ್ತಿದ್ದೇನೆ. ಪತ್ರ ಸ್ವಲ್ಪ ಉದ್ದ ಆಗುತ್ತದೆ, ವಿಷಯವೂ ಕಷ್ಟದ್ದು. ದಯವಿಟ್ಟು ಮಕ್ಕಳ ಕೈಯಲ್ಲಿ ಓದಿಸಬೇಡಿ. ಮನೆಯಲ್ಲಿ ಓದಲು ಬಾರದ ಹಿರಿಯರಿದ್ದರೆ ಮಕ್ಕಳು ಮಲಗಿದ ಮೇಲೆ ನೀವೇ ಓದಿ ಹೇಳಿ.

ಕೆಲವು ಮಕ್ಕಳು ತಮ್ಮನ್ನು ಸಾಕುವವರ ಕೈಯಲ್ಲೇ ಸಾಯುತ್ತಾರೆ. ಅಪ್ಪ, ಅಮ್ಮ, ಅಮ್ಮನ ಜೊತೆ ಇರುವವನು, ಚಿಕ್ಕಮ್ಮ, ನೋಡಿಕೊಳ್ಳಲು ಒಪ್ಪಿಸಿಕೊಂಡವರು. ಪೇಪರಿನಲ್ಲಿ ಓದಿದಾಗ "ರಾಕ್ಷಸರು" ಅಂದು ಪುಟ ತಿರುಗಿಸುತ್ತೇವೆ. ಆದರೆ ಇಂಥ ಎಷ್ಟೋ ಸಾವುಗಳ ಹಿಂದೆ ತಿಂಗಳುಗಟ್ಟಲೆ ಏನೋ ನಡೆದಿರುತ್ತದೆ. ಆ ತಿಂಗಳುಗಳಲ್ಲಿ ಮಗು ಒಂದೊಂದೇ ಕಣ್ಣಿನಿಂದ ಮರೆಯಾಗುತ್ತಾ ಹೋಗಿರುತ್ತದೆ. ಮೊದಲು ಶಾಲೆಗೆ ಬರುವುದಿಲ್ಲ, ಆಮೇಲೆ ಅಂಗಳದಲ್ಲಿ ಕಾಣುವುದಿಲ್ಲ, ಕೊನೆಗೆ ನೆಂಟರ ಮನೆಗೂ ಬರುವುದಿಲ್ಲ.

ವಿಕ್ಟೋರಿಯಾ ಕ್ಲಿಂಬಿ ಎಂಬ ಹುಡುಗಿಯ ವಿಷಯ ಹೇಳುತ್ತೇನೆ. ಅವಳದು ಆಫ್ರಿಕಾದ ಐವರಿ ಕೋಸ್ಟ್. ಚೆನ್ನಾಗಿ ಓದಿಸುತ್ತೇನೆ ಎಂದು ಸಂಬಂಧದಲ್ಲಿ ಅಜ್ಜಿಯಾಗಬೇಕಾದ ಒಬ್ಬಳು ಅವಳನ್ನು ಯುರೋಪಿಗೆ ಕರೆದುಕೊಂಡು ಹೋದಳು. ತಂದೆ ತಾಯಿ ಮಗಳ ಒಳ್ಳೆಯದಕ್ಕೇ ಕಳಿಸಿದರು. 1999 ರಲ್ಲಿ ಅವರು ಲಂಡನ್ನಿಗೆ ಬಂದರು. ಅಲ್ಲಿದ್ದ ಹತ್ತು ತಿಂಗಳಲ್ಲಿ ಅವಳು ಒಂದೇ ಒಂದು ದಿನ ಶಾಲೆಯ ಬೆಂಚಿನ ಮೇಲೆ ಕೂರಲಿಲ್ಲ. ಮೈ ಮೇಲಿನ ಗಾಯಗಳನ್ನು ಒಮ್ಮೆ ಆಸ್ಪತ್ರೆಯಲ್ಲಿ ನೋಡಿದರು. ಹಿರಿಯ ವೈದ್ಯರು ಅದನ್ನು ಕಜ್ಜಿ ಎಂದುಕೊಂಡರು, ಅವಳನ್ನು ಮನೆಗೆ ಕಳಿಸಿದರು. 2000 ದ ಫೆಬ್ರವರಿ 25 ರಂದು ಅವಳು ತೀರಿಕೊಂಡಳು. ಎಂಟು ವರ್ಷ. ಮೈ ಮೇಲೆ 128 ಗಾಯದ ಗುರುತುಗಳಿದ್ದವು. ಚಳಿಗಾಲದಲ್ಲಿ ಅವಳನ್ನು ಕೈಕಾಲು ಕಟ್ಟಿ ಬಚ್ಚಲಿನ ತೊಟ್ಟಿಯಲ್ಲಿ ಮಲಗಿಸುತ್ತಿದ್ದರು. ಆ ಹೆಂಗಸಿಗೂ ಅವಳ ಜೊತೆಗಿದ್ದವನಿಗೂ ಜೀವಾವಧಿ ಶಿಕ್ಷೆ ಆಯಿತು. ಲಾರ್ಡ್ ಲ್ಯಾಮಿಂಗ್ ಎಂಬವರು ವಿಚಾರಣೆ ಮಾಡಿ 2003 ರಲ್ಲಿ ವರದಿ ಕೊಟ್ಟರು. ಅವಳನ್ನು ಉಳಿಸಲು ಕಡಿಮೆ ಅಂದರೂ 12 ಅವಕಾಶ ಇದ್ದವು, ಎಲ್ಲವೂ ಕೈತಪ್ಪಿದವು ಎಂದು ಅದರಲ್ಲಿದೆ.

ಇದನ್ನು ಓದಿದಾಗಿನಿಂದ ನನ್ನ ತಲೆಯಲ್ಲಿ ಒಂದೇ ಮಾತು ಕೊರೆಯುತ್ತದೆ. ಹಾಜರಿ ಪುಸ್ತಕದಲ್ಲಿ ಅವಳ ಹೆಸರಿದ್ದಿದ್ದರೆ, "ಈ ಹುಡುಗಿ ಯಾಕೆ ಬಂದಿಲ್ಲ" ಅಂತ ಒಬ್ಬರಾದರೂ ಕೇಳುತ್ತಿದ್ದರು ಅಲ್ವಾ? ನಮ್ಮ ಕಡೆಯಿಂದಲೂ ಮಕ್ಕಳನ್ನು ಓದಿಸಲು ಗೋವಾಕ್ಕೆ, ಮುಂಬೈಗೆ, ಬೆಂಗಳೂರಿಗೆ ನೆಂಟರ ಮನೆಗೆ ಕಳಿಸುತ್ತೇವೆ. ಕಳಿಸಬೇಡಿ ಅನ್ನುವುದಿಲ್ಲ. ಟಿಸಿ ತಗೊಂಡು ಹೋದ ಮೇಲೆ ಅಲ್ಲಿ ಯಾವ ಶಾಲೆಗೆ ಸೇರಿಸಿದರು ಅಂತ ನಮಗೆ ತಿಳಿಸಿ. ವಾರಕ್ಕೊಮ್ಮೆ ಫೋನ್ ಮಾಡಿ, ಮಗುವಿನ ಜೊತೆಗೇ ಮಾತಾಡಿ, ವಿಡಿಯೋ ಕಾಲ್ ಮಾಡಿ ಮುಖ ನೋಡಿ.

ನನ್ನದೇ ಒಂದು ತಪ್ಪನ್ನೂ ಹೇಳಬೇಕು. ತುಂಬ ವರ್ಷಗಳ ಹಿಂದೆ ಬೇರೊಂದು ಊರಿನಲ್ಲಿದ್ದಾಗ, ಎರಡನೇ ತರಗತಿಯ ಒಬ್ಬ ಹುಡುಗ ಕಿವಿಯ ಹಿಂದೆ ನೀಲಿಗಟ್ಟಿಸಿಕೊಂಡು ಬಂದ. ಕೇಳಿದೆ. "ಮೆಟ್ಟಿಲ ಮೇಲಿಂದ ಬಿದ್ದೆ" ಅಂದ. ಸರಿ ಅಂದುಕೊಂಡೆ. ಸೋಮವಾರಗಳಲ್ಲಿ ಅವನು ಬಿಸಿಯೂಟಕ್ಕೆ ಮೂರು ಸಲ ಅನ್ನ ಹಾಕಿಸಿಕೊಳ್ಳುತ್ತಿದ್ದ. ಅದನ್ನೂ ನೋಡಿದ್ದೆ, ಹಸಿವು ಜಾಸ್ತಿ ಇರಬೇಕು ಅಂದುಕೊಂಡಿದ್ದೆ. ಆಮೇಲೆ ಒಂದು ವಾರ ಬರಲಿಲ್ಲ. ನಾನು ಹಾಜರಿ ಪುಸ್ತಕದಲ್ಲಿ ಗೈರು ಹಾಕುತ್ತಾ ಹೋದೆ, ಅಷ್ಟೆ.

ಅವನನ್ನು ಉಳಿಸಿದ್ದು ಮನೆ ಮನೆಗೆ ಮೀನು ಮಾರುವ ಒಬ್ಬ ಹೆಂಗಸು. ಬುಟ್ಟಿ ಇಳಿಸಿದಾಗ ಒಳಗಿಂದ ನರಳುವ ಸದ್ದು ಕೇಳಿತಂತೆ. ಬಂಗಡೆ ಎಣಿಸುತ್ತಾ ಎಣಿಸುತ್ತಾ ಬಾಗಿಲ ಸಂದಿಯಲ್ಲಿ ನೋಡಿದಳು. ನೇರ ಅಂಗನವಾಡಿಗೆ ಹೋಗಿ ಹೇಳಿದಳು, ಅಲ್ಲಿಂದ ಶಾಲೆಗೂ ಬಂದಳು. "ಸುಮ್ನೆ ಕೂತ್ರೆ ನಂಗೇ ಪಾಪ ಬರ್ತದೆ ಅಕ್ಕೋರೆ" ಅಂದಳು. ನಾವೆಲ್ಲ ಹೋದಾಗ ಅವನ ಕೈ ಮುರಿದು ನಾಲ್ಕು ದಿನ ಆಗಿತ್ತು. ಜ್ವರ ಬಂದು ಮೈ ಸುಡುತ್ತಿತ್ತು. ಅವತ್ತು ನಾನು ನೋಡಿದ ಇನ್ನೊಂದು ಸಂಗತಿ ಈಗಲೂ ನಿದ್ದೆ ಕೆಡಿಸುತ್ತದೆ. ಆ ಮನೆಗೆ ಮೆಟ್ಟಿಲೇ ಇರಲಿಲ್ಲ. ನೆಲಮಟ್ಟದ ಮನೆ. ಮೊದಲೇ ಒಂದು ಸಲ ಹೋಗಿದ್ದರೆ ಅವನ ಸುಳ್ಳು ಅಂಗಳದಲ್ಲೇ ಗೊತ್ತಾಗುತ್ತಿತ್ತು. ಹುಡುಗ ಬದುಕಿದ. ಅಜ್ಜಿಯ ಮನೆಯಲ್ಲಿ ಬೆಳೆದ.

ನಾವು ಮನೆಗೆ ಬರುವುದು ಅದಕ್ಕೆ.

ಮಕ್ಕಳು ಬೀಳುತ್ತಾರೆ, ನಮಗೂ ಗೊತ್ತು. ಮರ ಹತ್ತುತ್ತಾರೆ, ಬಂಡೆ ಮೇಲೆ ಓಡುತ್ತಾರೆ. ಬಿದ್ದ ಮಗುವಿಗೆ ಮೊಣಕಾಲು, ಮೊಣಕೈ, ಹಣೆ, ಗದ್ದ ತರಚುತ್ತದೆ. ಕಿವಿ, ಕುತ್ತಿಗೆ, ಹೊಟ್ಟೆ, ಬೆನ್ನು, ತೊಡೆಯ ಒಳಭಾಗ ಇಲ್ಲೆಲ್ಲ ಸುಮ್ನೆ ಬಿದ್ದರೆ ನೀಲಿಗಟ್ಟುವುದು ಕಡಿಮೆ. ಇನ್ನೂ ಅಂಬೆಗಾಲಿಡದ ಕೂಸಿನ ಮೈ ಮೇಲೆ ಒಂದು ನೀಲಿ ಗುರುತು ಇದ್ದರೂ ಕೇಳಲೇಬೇಕು. ಅದು ತಾನಾಗಿ ಎಲ್ಲಿಗೆ ಹೋಗಿ ಬಿದ್ದೀತು? 1962 ರಲ್ಲಿ ಅಮೆರಿಕದ ಮಕ್ಕಳ ವೈದ್ಯ ಹೆನ್ರಿ ಕೆಂಪೆ ಮತ್ತು ಅವರ ಜೊತೆಗಾರರು, ಇಂಥ ಮಕ್ಕಳು ಬಿದ್ದವರಲ್ಲ, ಹೊಡೆಸಿಕೊಂಡವರು ಎಂದು ಧೈರ್ಯವಾಗಿ ಬರೆದರು. ಅಲ್ಲಿಯವರೆಗೆ ಎಷ್ಟೋ ವೈದ್ಯರೇ ಅದನ್ನು ನಂಬಲು ಸಿದ್ಧರಿರಲಿಲ್ಲ.

ಈಗ ನಮ್ಮ ಶಾಲೆಯ ಗೈರುಹಾಜರಿಗೆ ಬರುತ್ತೇನೆ. ನಾಲ್ಕು, ಐದನೇ ತರಗತಿಯ ಹೆಣ್ಣುಮಕ್ಕಳು ಬರದೇ ಇದ್ದಾಗ ನಾವು ಮನೆಗೆ ಹೋದರೆ, ಹೆಚ್ಚಿನ ಸಲ ಕಾಣುವುದು ಒಂದೇ ದೃಶ್ಯ. ಅಮ್ಮ ಬೆಳಗಿನ ರೈಲಿಗೆ ಗೋವಾಕ್ಕೆ ಕೆಲಸಕ್ಕೆ ಹೋಗಿರುತ್ತಾಳೆ, ಅಥವಾ ಮೀನು ಒಣಗಿಸಲು ಹೋಗಿರುತ್ತಾಳೆ. ಹತ್ತು ವರ್ಷದ ಅಕ್ಕನ ಸೊಂಟದಲ್ಲಿ ಎರಡು ತಿಂಗಳ ಕೂಸು. ನಿಮ್ಮ ಕಷ್ಟ ನನಗೆ ಅರ್ಥವಾಗುತ್ತದೆ, ದುಡಿಯದೇ ಒಲೆ ಉರಿಯುವುದಿಲ್ಲ. ಆದರೂ ಈ ಒಂದು ವಿಷಯ ಕೇಳಿ.

ಕೂಸು ಹುಟ್ಟಿ ಎರಡು ವಾರ ಆದ ಮೇಲೆ ಅದರ ಅಳು ಹೆಚ್ಚುತ್ತಾ ಹೋಗುತ್ತದೆ. ಎರಡನೇ ತಿಂಗಳ ಹೊತ್ತಿಗೆ ತುಂಬ ಜೋರಾಗುತ್ತದೆ. ಮೂರು, ನಾಲ್ಕು ತಿಂಗಳಿಗೆ ತಾನಾಗಿ ಇಳಿಯುತ್ತದೆ. ಆ ನಡುವಿನ ದಿನಗಳಲ್ಲಿ ಹಾಲು ಕುಡಿಸಿ, ಬಟ್ಟೆ ಬದಲಿಸಿ, ದೃಷ್ಟಿ ತೆಗೆದರೂ ಅಳು ನಿಲ್ಲುವುದಿಲ್ಲ. ಆಗ ಸಹನೆ ಕೆಟ್ಟವರು ಮಾಡುವ ಕೆಲಸ ಒಂದಿದೆ. ಕೂಸನ್ನು ಎರಡೂ ತೋಳಲ್ಲಿ ಹಿಡಿದು ಜೋರಾಗಿ ಅಲ್ಲಾಡಿಸುವುದು. ಕೂಸಿನ ತಲೆ ಭಾರ, ಕುತ್ತಿಗೆಗೆ ಬಲ ಇಲ್ಲ. ಹಾಗೆ ಅಲ್ಲಾಡಿಸಿದಾಗ ತಲೆಯೊಳಗಿನ ಸಣ್ಣ ರಕ್ತನಾಳಗಳು ಹರಿದುಹೋಗುತ್ತವೆ. ಹೊರಗೆ ಒಂದು ಗೀರೂ ಕಾಣುವುದಿಲ್ಲ. ಕೂಸು ಸುಮ್ಮನಾಗುತ್ತದೆ, ಮಲಗಿತು ಅಂದುಕೊಳ್ಳುತ್ತಾರೆ. ಕೆಲವೇ ಕ್ಷಣಗಳ ಕೆಲಸ. ಸತ್ತರೂ ಸಾಯಬಹುದು, ಬದುಕಿದರೆ ಕಣ್ಣು ಹೋಗಬಹುದು, ಜೀವನಪೂರ್ತಿ ಫಿಟ್ಸ್ ಬರಬಹುದು.

ದೊಡ್ಡವರಾದ ನಮಗೇ ಆ ಅಳು ತಡೆಯಲು ಆಗುವುದಿಲ್ಲ. ಹತ್ತು ವರ್ಷದ ಹುಡುಗಿ ಏನು ಮಾಡಬೇಕು? 2012 ರ ಜನವರಿಯಲ್ಲಿ ದೆಹಲಿಯ ಏಮ್ಸ್ ಆಸ್ಪತ್ರೆಗೆ ಎರಡು ವರ್ಷದ ಹೆಣ್ಣುಮಗುವನ್ನು ತಂದಿದ್ದು ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ತಲೆಬುರುಡೆ ಒಡೆದಿತ್ತು, ಮೈ ಮೇಲೆಲ್ಲ ಕಚ್ಚಿದ ಗುರುತು. ಎರಡು ತಿಂಗಳು ಹೋರಾಡಿ ಮಾರ್ಚ್ 15 ರಂದು ಹೋಗಿಬಿಟ್ಟಿತು. ಅದನ್ನು ಆಸ್ಪತ್ರೆಗೆ ತಂದಿದ್ದು, ಅದನ್ನು ನೋಡಿಕೊಳ್ಳುತ್ತಿದ್ದುದು, ಹದಿನೈದರ ಆಸುಪಾಸಿನ ಒಬ್ಬ ಹುಡುಗಿ. ಅವಳ ಮೇಲೂ ದೊಡ್ಡವರು ಮಾಡಬಾರದ್ದು ಮಾಡಿದ್ದರು. ಕೂಸನ್ನು ಹೆತ್ತ ತಾಯಿಯಿಂದ ದೂರ ಮಾಡಿ ಕೈಯಿಂದ ಕೈಗೆ ದಾಟಿಸಿದ್ದರು. ನನಗೆ ಆ ಇಬ್ಬರೂ ಮಕ್ಕಳಾಗಿಯೇ ಕಾಣುತ್ತಾರೆ.

ಅಳು ತಡೆಯಲಾಗದೇ ಕೈ ನಡುಗತೊಡಗಿದರೆ ಕೂಸನ್ನು ಚಾಪೆಯ ಮೇಲೆ ಅಂಗಾತ ಮಲಗಿಸಿ ಹೊರಗೆ ಬನ್ನಿ. ಅಂಗಳದಲ್ಲಿ ಹತ್ತು ನಿಮಿಷ ನಿಲ್ಲಿ, ಮುಖ ತೊಳೆಯಿರಿ, ಪಕ್ಕದ ಮನೆಯವರನ್ನು ಕರೆಯಿರಿ. ಹತ್ತು ನಿಮಿಷ ಅತ್ತು ಕೂಸು ಸಾಯುವುದಿಲ್ಲ. ಇದನ್ನು ಗಂಡಸರಿಗೂ ಹೇಳುತ್ತಿದ್ದೇನೆ. ಜೂನ್ 1 ರಿಂದ ಜುಲೈ 31 ರವರೆಗೆ 61 ದಿನ ಬೋಟು ಕಡಲಿಗೆ ಇಳಿಯುವುದಿಲ್ಲ. ದುಡ್ಡಿಲ್ಲ, ಹೊರಗೆ ಮಳೆ, ಸಾಲದವರ ಫೋನು, ಕೆಲವು ಮನೆಗಳಲ್ಲಿ ಬಾಟಲಿ. ಆ ದಿನಗಳಲ್ಲಿ ಶಾಲೆಗೆ ಬರುವ ಕೆಲವು ಮಕ್ಕಳ ಮುಖ ಬೇರೆಯೇ ಇರುತ್ತದೆ. ಹಾಗಂತ ಇದು ಬರೀ ಬಡವರ ಮನೆಯ ವಿಷಯ ಅಲ್ಲ. ಘಟ್ಟದ ಮೇಲೆ ತೋಟದ ನಡುವಿನ ಒಂಟಿ ಮನೆಯಲ್ಲಿ, ಕ್ವಾರ್ಟರ್ಸಿನ ಮುಚ್ಚಿದ ಬಾಗಿಲ ಹಿಂದೆ ಆಗುವುದು ಹೊರಗೆ ಕೇಳುವುದಿಲ್ಲ, ಅಷ್ಟೆ.

ಇನ್ನು ನಿರ್ಲಕ್ಷ್ಯ. ಹೊಡೆತವೇ ಬೀಳದೆಯೂ ಮಗು ಸಾಯುತ್ತದೆ. ಅಮೆರಿಕದಲ್ಲಿ ಹಿಂಸೆಯಿಂದಲೋ ನಿರ್ಲಕ್ಷ್ಯದಿಂದಲೋ ಆದ ಮಕ್ಕಳ ಸಾವುಗಳನ್ನು ಪ್ರತಿ ವರ್ಷ ಲೆಕ್ಕ ಹಾಕಿ ಪ್ರಕಟಿಸುತ್ತಾರೆ. 2022 ರಲ್ಲಿ ಹತ್ತಿರ ಹತ್ತಿರ 2,000 ಮಕ್ಕಳು. ಅದರಲ್ಲಿ ಸುಮಾರು ಮುಕ್ಕಾಲು ಪಾಲು ಸಾವುಗಳಲ್ಲಿ ನಿರ್ಲಕ್ಷ್ಯದ ಪಾಲಿತ್ತು. ಹೆಚ್ಚಿನವರು ಮೂರು ವರ್ಷದ ಒಳಗಿನವರು. ನಮ್ಮ ಕಡೆ ಅದು ಹೇಗಿರುತ್ತದೆ ಅಂದರೆ, ಕಟ್ಟೆಯಿಲ್ಲದ ಬಾವಿ, ನೀರಿನ ಬಾಟಲಿಯಲ್ಲಿ ತುಂಬಿಟ್ಟ ತೋಟದ ಔಷಧಿ, ತಲೆಗೆ ಏಟು ಬಿದ್ದು ವಾಂತಿ ಮಾಡುವ ಮಗುವನ್ನು "ಬೆಳಿಗ್ಗೆ ನೋಡೋಣ" ಅಂತ ಮಲಗಿಸುವುದು. ದೊಡ್ಡ ಆಸ್ಪತ್ರೆ ಬೇಕು ಅಂತ ನಮ್ಮ ಜಿಲ್ಲೆ ಎಷ್ಟು ವರ್ಷದಿಂದ ಕೂಗುತ್ತಿದೆ, ನಿಮಗೇ ಗೊತ್ತು. ತಲೆಯ ಏಟು ಅಂದರೆ ಈಗಲೂ ಮಣಿಪಾಲ, ಗೋವಾ, ಹುಬ್ಬಳ್ಳಿ ಅಂತ ಓಡಬೇಕು. ದಾರಿ ಅಷ್ಟು ದೂರ ಇರುವಾಗ ಮನೆಯಲ್ಲಿ ಕಳೆದ ಒಂದೊಂದು ಗಂಟೆಯೂ ದುಬಾರಿ. ಹೊಟ್ಟೆಗೆ ಏಟು ಬಿದ್ದರೂ ಹಾಗೆಯೇ, ಒಳಗೆ ರಕ್ತ ಸೋರುವುದು ಹೊರಗೆ ಕಾಣುವುದಿಲ್ಲ. ಯಾರು ಹೊಡೆದರು, ಯಾರ ಮಾನ ಹೋಗುತ್ತದೆ ಅನ್ನುವ ಲೆಕ್ಕ ಆಮೇಲೆ ಇರಲಿ, ಮೊದಲು ಮಗುವನ್ನು ಎತ್ತಿಕೊಂಡು ಹೊರಡಿ. ವೈದ್ಯರಿಗೆ ನಿಜ ಹೇಳಿ. ಸುಳ್ಳು ಹೇಳಿದರೆ ಅವರು ತಪ್ಪು ಜಾಗದಲ್ಲಿ ಹುಡುಕುತ್ತಾರೆ.

ಬಡತನವನ್ನು ನಾನು ನಿರ್ಲಕ್ಷ್ಯ ಅನ್ನುವುದಿಲ್ಲ. ಹರಿದ ಯೂನಿಫಾರ್ಮ್ ಹಾಕಿಕೊಂಡು, ಎಣ್ಣೆ ಹಚ್ಚಿ ಬಾಚಿದ ತಲೆಯಲ್ಲಿ ಬರುವ ಮಗುವನ್ನು ಮನೆಯಲ್ಲಿ ಯಾರೋ ಪ್ರೀತಿಯಿಂದ ನೋಡಿಕೊಳ್ಳುತ್ತಿದ್ದಾರೆ ಅಂತ ನಮಗೆ ಗೊತ್ತಾಗುತ್ತದೆ. ಕೂಸನ್ನು ಬಿಡಲು ಜಾಗ ಇಲ್ಲ ಅಂದರೆ ಬಂದು ಹೇಳಿ. ಅಂಗನವಾಡಿಯವರ ಜೊತೆ, ಆಶಾ ಕಾರ್ಯಕರ್ತೆಯ ಜೊತೆ ಮಾತಾಡಿ ದಾರಿ ಹುಡುಕೋಣ. ಎಸ್‌ಡಿಎಂಸಿಯ (ಶಾಲಾಭಿವೃದ್ಧಿ ಸಮಿತಿಯ) ತಾಯಂದಿರು ಇಬ್ಬರು ಆಗಲೇ ಮುಂದೆ ಬಂದಿದ್ದಾರೆ.

"ಹೊಡೆದು ಬುದ್ಧಿ ಕಲಿಸಿ ಅಕ್ಕೋರೆ" ಅಂತ ನೀವು ಹೇಳುತ್ತೀರಿ. 2009 ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ನಾವು ಮಗುವಿನ ಮೇಲೆ ಕೈ ಮಾಡುವ ಹಾಗಿಲ್ಲ. ಮಾಡಿದರೆ ನನ್ನ ಮೇಲೂ, ನನ್ನ ಶಿಕ್ಷಕರ ಮೇಲೂ ದೂರು ಕೊಡಿ. ಮನೆಗೂ ಕಾನೂನಿದೆ. 2015 ರ ಬಾಲನ್ಯಾಯ ಕಾಯ್ದೆಯ 75 ನೇ ಸೆಕ್ಷನ್ ಪ್ರಕಾರ, ಮಗುವಿನ ಜವಾಬ್ದಾರಿ ಇರುವವರು ಅದನ್ನು ಹಿಂಸಿಸಿದರೆ, ಬೇಕೆಂದೇ ನಿರ್ಲಕ್ಷ್ಯ ಮಾಡಿದರೆ ಮೂರು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿ ದಂಡ, ಇಲ್ಲವೇ ಎರಡೂ. ಜೀವಕ್ಕೆ ಅಪಾಯ ಆಗುವ ಹಾಗೆ ಮಾಡಿದ್ದರೆ ಶಿಕ್ಷೆ ಹತ್ತು ವರ್ಷದವರೆಗೂ ಹೋಗುತ್ತದೆ.

ಪಕ್ಕದ ಮನೆಯಲ್ಲಿ ಸದ್ದು ಕೇಳಿದರೆ ಮಕ್ಕಳ ಸಹಾಯವಾಣಿ 1098 ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಯಾವಾಗಲಾದರೂ ಸರಿ, ದುಡ್ಡು ಬೀಳುವುದಿಲ್ಲ. ಈಗಲೇ ಹೊಡೆಯುತ್ತಿದ್ದಾರೆ ಅಂದರೆ ಪೊಲೀಸರ ತುರ್ತು ನಂಬರ್ 112. ನಿಮ್ಮ ಹತ್ತಿರ ಸಾಕ್ಷಿ ಇರಬೇಕಾಗಿಲ್ಲ, ಅನುಮಾನ ಸಾಕು. ಕರೆ ಮಾಡಿದ ಕೂಡಲೇ ಮಗುವನ್ನು ಕಿತ್ತುಕೊಂಡು ಹೋಗುತ್ತಾರೆ ಅನ್ನುವ ಭಯ ಬಹಳ ಜನರಿಗಿದೆ. ಹಾಗಲ್ಲ. ಮಗು ಆದಷ್ಟೂ ಮನೆಯವರ ಜೊತೆಗೇ ಬೆಳೆಯಬೇಕು, ಹಾಸ್ಟೆಲ್, ಆಶ್ರಮ ಎಲ್ಲ ಕೊನೆಯ ದಾರಿ ಅಂತ ಅದೇ ಕಾಯ್ದೆ ಹೇಳುತ್ತದೆ. ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿ ವಿಚಾರಿಸಿ ತೀರ್ಮಾನ ಮಾಡುತ್ತದೆ. ಫೋನ್ ಮಾಡಲು ಧೈರ್ಯ ಸಾಲದಿದ್ದರೆ ನನ್ನ ಹತ್ತಿರ ಬನ್ನಿ, ನಾನು ಮಾಡುತ್ತೇನೆ. ನಿಮ್ಮ ಹೆಸರು ನನ್ನ ಬಾಯಿಂದ ಹೊರಗೆ ಬರುವುದಿಲ್ಲ. ಮನೆಯಲ್ಲಿ ನಿಮಗೇ ಹೊಡೆತ ಬೀಳುತ್ತಿದ್ದರೂ ಬನ್ನಿ ತಾಯಂದಿರೇ. ಮಗುವನ್ನು ಹೊಡೆಯುವ ಕೈ ಎಷ್ಟೋ ಸಲ ಮೊದಲು ತಾಯಿಯ ಮೇಲೆ ಎದ್ದಿರುತ್ತದೆ.

ಸಭೆಯಲ್ಲಿ ಪ್ರಶ್ನೆ ಕೇಳಿದ ತಂದೆಯವರಿಗೆ: ನಿಮ್ಮ ಮೇಲೆ ನಮಗೆ ಅನುಮಾನ ಇಲ್ಲ. ಮನೆ ನೋಡಿ ಆರಿಸಿ ಹೋದರೆ ಅದು ಅನುಮಾನ ಆಗುತ್ತದೆ. ಅದಕ್ಕೇ ಎಲ್ಲರ ಮನೆಗೂ ಬರುತ್ತೇವೆ, ಎಸ್‌ಡಿಎಂಸಿ ಅಧ್ಯಕ್ಷರ ಮನೆಗೂ. ಮಗುವಿಗೆ ಜ್ವರ ಇದ್ದರೆ, ಊರಿಗೆ ಹೋಗುವುದಿದ್ದರೆ ಬೆಳಿಗ್ಗೆ ಹತ್ತರೊಳಗೆ ಶಾಲೆಗೆ ಒಂದು ಮಾತು ಹೇಳಿ ಕಳಿಸಿ. ಇಲ್ಲದಿದ್ದರೆ ಮೂರನೇ ದಿನ ಸಂಜೆ ನಾನೋ, ತರಗತಿಯ ಶಿಕ್ಷಕರೋ ಬರುತ್ತೇವೆ. ಚಹಾ ಮಾಡುವುದು ಬೇಡ, ಕುರ್ಚಿ ಹಾಕುವುದೂ ಬೇಡ. ಮಗುವನ್ನು ಒಮ್ಮೆ ಹೊರಗೆ ಕರೆಯಿರಿ, ನಾವು ಎರಡು ಮಾತಾಡಿಸಿ ಹೊರಡುತ್ತೇವೆ.

ನಿಮ್ಮ,
ಮುಖ್ಯ ಶಿಕ್ಷಕಿ