ಕಲಾಭವನ ಆಮೇಲೆ, ಮೊದಲು ಒಂದು ಬಿಲ್ ಬುಕ್

ಮಾನ್ಯ ಸಂಪಾದಕರೇ,

ಕಲಬುರಗಿಯ ಕಲಾವಿದರಿಗೆ ಕಲಾಭವನ ಬೇಕು ಎಂಬ ಬೇಡಿಕೆ ಇದೆ. ಅದಕ್ಕಿಂತ ಮೊದಲು ನಮಗೆ ನಮ್ಮದೇ ಬಿಲ್ ಬುಕ್ ಇರುವ ಒಂದು ಸಹಕಾರಿ ಸಂಘ ಬೇಕು ಅನ್ನುವುದು ನನ್ನ ಮಾತು. ಯಾಕೆ ಅಂತ ಹೇಳುತ್ತೇನೆ. ಹೋದ ಚಳಿಗಾಲದಲ್ಲಿ ಒಂದು ರಾತ್ರಿ ಎರಡು ಗಂಟೆಗೆ ನನ್ನ ಫೋನ್ ಹೊಡೆದುಕೊಂಡಿತು. ಊರಿನ ಒಂದು ಫ್ಲೆಕ್ಸ್ ಪ್ರಿಂಟಿಂಗ್ ಅಂಗಡಿಯವರು. "ಅಣ್ಣಾ, ಮುಂಜಾನೆ ಹತ್ತಕ್ಕ ಸರ್ಕಾರಿ ಪ್ರೋಗ್ರಾಂ ಅದ. ಬ್ಯಾನರ್‌ನಾಗ ಅಕ್ಷರ ಕೈಕಾಲು ಮುರ್ಕೊಂಡು ಬಿದ್ದಾವ. ಜರಾ ಬರ್ರಿ" ಅಂದರು. ಸ್ವೆಟರ್ ಹಾಕಿಕೊಂಡು ಹೋದೆ. ಹದಿನೆಂಟು ಅಡಿ ಅಗಲದ ಬ್ಯಾನರಿನಲ್ಲಿ 'ಸ್ವಾಗತ' ಹೋಗಿ 'ಸ್‌ವಾಗತ' ಆಗಿತ್ತು. 'ಕಾರ್ಯಕ್ರಮ' ಹೋಗಿ 'ಕಾರ್‌ಯಕ್‌ರಮ' ಆಗಿತ್ತು.

ಆದದ್ದು ಇಷ್ಟೇ. ಡಿಸೈನ್ ಮಾಡಿದ್ದು ಹೊರಗಿನ ದೊಡ್ಡ ಊರಿನ ಏಜೆನ್ಸಿ. ಅವರು ಯೂನಿಕೋಡ್ ಕನ್ನಡವನ್ನು (ಫೋನು, ಇಂಟರ್‌ನೆಟ್ಟಿನಲ್ಲಿ ಬಳಸುವ ಅಕ್ಷರ) ತಂದು ಡಿಸೈನ್ ಸಾಫ್ಟ್‌ವೇರಿಗೆ ಸುರಿದಿದ್ದರು. ಭಾರತೀಯ ಭಾಷೆಗಳ ಸೆಟಿಂಗ್ ಆನ್ ಮಾಡದಿದ್ದರೆ ಒತ್ತಕ್ಷರ ಕೆಳಗೆ ಕೂರುವುದಿಲ್ಲ, ಪಕ್ಕಕ್ಕೆ ಬಂದು ಸಾಲಿನಲ್ಲಿ ನಿಲ್ಲುತ್ತದೆ. ಕನ್ನಡ ಓದಲು ಬಾರದವರಿಗೆ ಅದು ತಪ್ಪು ಅಂತ ಕಾಣುವುದೂ ಇಲ್ಲ. ಸೆಟಿಂಗ್ ಬದಲಿಸಲು ಎರಡು ನಿಮಿಷ ಸಾಕು. ಆದರೆ ನಲವತ್ತಾರು ಬ್ಯಾನರು, ಒಂದೊಂದನ್ನೂ ಓದಿ ತಿದ್ದಬೇಕು. ಬೆಳಕು ಹರಿಯಿತು. ನನಗೆ 1,500 ರೂಪಾಯಿ ಅಂತ ಮಾತಾಯಿತು. ಏಜೆನ್ಸಿಯಿಂದ ಅಂಗಡಿಗೆ, ಅಂಗಡಿಯಿಂದ ನನಗೆ ಬರುವಷ್ಟರಲ್ಲಿ ನಾಲ್ಕು ತಿಂಗಳಾಗಿ, 1,000 ಆಗಿತ್ತು.

ನಾನು ಸೂಪರ್ ಮಾರ್ಕೆಟ್ ಹತ್ತಿರ ಸಣ್ಣದೊಂದು ಡಿಸೈನ್ ಅಂಗಡಿ ಇಟ್ಟುಕೊಂಡವನು. ಅಪ್ಪ ಬೋರ್ಡ್ ಪೇಂಟರ್. ಗಂಜ್ ಮಾರುಕಟ್ಟೆಯ ಎಷ್ಟೋ ಅಡತ್ (ದಲ್ಲಾಳಿ) ಅಂಗಡಿಗಳ ಹೆಸರು ಅವರ ಕೈಯಿಂದ ಆದದ್ದು. ಸುಣ್ಣದ ಪುಡಿ ಹಚ್ಚಿದ ದಾರವನ್ನು ತಗಡಿನ ಮೇಲೆ ಬಿಗಿಯಾಗಿ ಹಿಡಿದು, ನಡುವೆ ಎತ್ತಿ ಬಿಟ್ಟರೆ ಟಪ್ ಅಂತ ಒಂದು ಬಿಳಿ ಗೆರೆ ಬೀಳುತ್ತಿತ್ತು. ದಾರದ ಆಚೆ ತುದಿ ಹಿಡಿಯುವುದು ಎಂಟು ವರ್ಷದ ನನ್ನ ಕೆಲಸ. ಆ ಗೆರೆಯ ಮೇಲೆ ಅಪ್ಪ ಬರೆದ 'ಶ್ರೀ' ಈಗಲೂ ಒಂದೆರಡು ಕಡೆ ಉಳಿದಿದೆ. ಆಮೇಲೆ ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸುವ ಡಿಟಿಪಿ ಬಂತು, ಕನ್ನಡ ಟೈಪಿಂಗಿನ 'ನುಡಿ' ತಂತ್ರಾಂಶ ಬಂತು, ಫ್ಲೆಕ್ಸ್ ಬಂತು. 2016ರ ಪ್ಲಾಸ್ಟಿಕ್ ನಿಷೇಧದಲ್ಲಿ ಫ್ಲೆಕ್ಸೂ ಸೇರಿತು. ಆದರೂ ಅದು ಎಲ್ಲಿ ಹೋಯಿತು, ಹೊರಗೆ ನೋಡಿದರೆ ನಿಮಗೇ ಗೊತ್ತಾಗುತ್ತದೆ!

ಈಗ ವಿಷಯಕ್ಕೆ ಬರುತ್ತೇನೆ. ಕಲಾಭವನದ ಬೇಡಿಕೆಯನ್ನು ಪತ್ರಿಕೆಗಳಲ್ಲಿ ಆಗಾಗ ಓದುತ್ತೇನೆ. ಬೇಡ ಅನ್ನುವವನು ನಾನಲ್ಲ. ಆದರೆ ಎಸ್.ಎಂ. ಪಂಡಿತರ ಹೆಸರಿನ ರಂಗಮಂದಿರ ಈಗಾಗಲೇ ಊರಿನಲ್ಲಿದೆ. 1916ರಲ್ಲಿ ಇಲ್ಲಿ ಹುಟ್ಟಿದ ಆ ದೊಡ್ಡ ಕಲಾವಿದರು ಸಿನಿಮಾ ಪೋಸ್ಟರು, ಕ್ಯಾಲೆಂಡರಿನ ದೇವರ ಚಿತ್ರ ಬರೆದು ಹೆಸರು ಮಾಡಿದ್ದು ಮುಂಬೈಗೆ ಹೋಗಿ. ಕೆಲಸ ಅಲ್ಲಿತ್ತು, ಹೋದರು. ಇವತ್ತಿಗೂ ನಮ್ಮ ಹುಡುಗರು ಕೆಲಸ ಹುಡುಕಿಕೊಂಡು ಹೈದರಾಬಾದ್, ಪುಣೆ, ಬೆಂಗಳೂರು ಅಂತ ರೈಲು ಹತ್ತುತ್ತಾರೆ. ವಿಚಿತ್ರ ಅಂದರೆ ಇಲ್ಲಿನ ಕೆಲಸವೂ ಅದೇ ರೈಲು ಹತ್ತುತ್ತದೆ.

ಯಾಕೆ ಹತ್ತುತ್ತದೆ? ಟೆಂಡರಿನ ಷರತ್ತು ಓದಿ. ಮೂರು ವರ್ಷದ ವಹಿವಾಟು ಇಷ್ಟು ಲಕ್ಷ ಇರಬೇಕು. ಇಎಂಡಿ (ಟೆಂಡರಿನ ಮುಂಗಡ ಠೇವಣಿ) ಕಟ್ಟಬೇಕು. ಜಿಎಸ್‌ಟಿ ನಂಬರ್ ಬೇಕು. ಸೇವೆ ಕೊಡುವವರಿಗೆ ವರ್ಷಕ್ಕೆ 20 ಲಕ್ಷ ದಾಟಿದ ಮೇಲೆ ಜಿಎಸ್‌ಟಿ ನೋಂದಣಿ ಕಡ್ಡಾಯ. ನಮ್ಮಂಥ ಒಂಟಿ ಅಂಗಡಿಗಳು ಅದರ ಹತ್ತಿರವೂ ಸುಳಿಯುವುದಿಲ್ಲ. ಹಾಗಾಗಿ ಬ್ಯಾನರು, ಕಿರುಪುಸ್ತಕ, ಗೋಡೆಚಿತ್ರ, ವಿಡಿಯೊ ಎಲ್ಲ ಒಂದೇ ಗಂಟು ಕಟ್ಟಿದ ಕೆಲಸ ಹೊರಗಿನವರಿಗೆ ಹೋಗುತ್ತದೆ. ಅವರು ನಮಗೇ ಫೋನ್ ಮಾಡಿ, ಮೂರರಲ್ಲಿ ಒಂದು ಪಾಲಿಗೆ ಮಾಡಿಸುತ್ತಾರೆ. ಮಾಡುವವರು ನಾವೇ, ಬಿಲ್ಲು ಮಾತ್ರ ಅವರದು.

ಇದನ್ನೇ ಮಾತಾಡಲಿಕ್ಕೆ ಎರಡು ತಿಂಗಳ ಹಿಂದೆ ನನ್ನ ಅಂಗಡಿಯ ಮೇಲಿನ ಕೋಣೆಯಲ್ಲಿ ಹದಿನಾಲ್ಕು ಜನ ಸೇರಿದ್ದೆವು. ಮೂವರು ಡಿಸೈನರು, ನಾಲ್ವರು ಫೋಟೊದವರು, ಒಬ್ಬ ವಿಡಿಯೊ ಎಡಿಟರ್, ಇಬ್ಬರು ಬ್ರಷ್ ಪೇಂಟರು, ನಾಟಕದ ಪರದೆ ಬರೆಯುವ ಹಿರಿಯರೊಬ್ಬರು, ಮನೆಯಲ್ಲೇ ಡಿಟಿಪಿ ಮಾಡುವ ಇಬ್ಬರು ಅಕ್ಕಂದಿರು, ಬೀದರಿನಿಂದ ಬಸ್ಸಿಗೆ ಬಂದ ಒಬ್ಬ ಬಿದ್ರಿ ಕೆಲಸಗಾರ. ಕುರ್ಚಿ ಸಾಲದೆ ಫ್ಲೆಕ್ಸ್ ಹಾಸಿ ಕೂತೆವು. ಯಾವುದೋ ನಾಯಕರ ಹುಟ್ಟುಹಬ್ಬದ್ದು. ಅವರ ಮುಖದ ಮೇಲೆ ಕೂರಬಾರದು ಅಂತ ತಿರುವಿ ಹಾಕಿದೆವು.

ಸಹಕಾರಿ ಸಂಘ ಮಾಡೋಣ ಅಂದೆ. ಪರದೆ ಬರೆಯುವ ಹಿರಿಯರ ಮೊದಲ ಪ್ರಶ್ನೆ: "ಬಡ್ಡಿ ಎಷ್ಟು ಕೊಡ್ತೀರಿ?" ಎಲ್ಲರೂ ನಕ್ಕರು, ಅವರು ನಗಲಿಲ್ಲ. ನಮ್ಮ ಕಡೆ ಸಹಕಾರಿ ಅಂದರೆ ಪತ್ತಿನ ಸಂಘ, ಠೇವಣಿ, ಸಾಲ, ಆಮೇಲೆ ಬೀಗ. ಮಗಳ ಮದುವೆಗೆ ಕೂಡಿಟ್ಟ ರೊಕ್ಕವನ್ನು ಅಂಥದೊಂದರಲ್ಲಿ ಕಳೆದುಕೊಂಡವರು ಅವರು. ಅವರಿಗೆ ತಿಳಿಸಿ ಹೇಳಲಿಕ್ಕೇ ಅರ್ಧ ಗಂಟೆ ಹಿಡಿಯಿತು. ಇದರಲ್ಲಿ ಠೇವಣಿ ಇಲ್ಲ. ಸದಸ್ಯರ ಷೇರು ಹಣ ಇರುತ್ತದೆ, ಕೆಲಸ ಇರುತ್ತದೆ. ಹತ್ತು ಷೇರು ಇದ್ದವನಿಗೂ ಒಂದೇ ವೋಟು, ಒಂದು ಷೇರು ಇದ್ದವರಿಗೂ ಒಂದೇ ವೋಟು.

ನಾನು ಹೇಳಿದ ಲೆಕ್ಕ ಸರಳ. ಬಿಲ್ಲು ಸಂಘದ ಹೆಸರಿನಲ್ಲಿ ಹೋಗಬೇಕು. ಕೆಲಸ ಮುಗಿಸಿ ಕೊಟ್ಟ ವಾರದಲ್ಲೇ ಮಾಡಿದವರಿಗೆ ರೂಪಾಯಿಗೆ ಅರವತ್ತು ಪೈಸೆ ಪಾಲು ಸಂಘದ ಗಲ್ಲಾದಿಂದ ಸಿಗಬೇಕು. ಉಳಿದದ್ದು ವಸೂಲಾದ ಮೇಲೆ, ಸಂಘದ ಖರ್ಚು ಮುರಿದುಕೊಂಡು. ಉದ್ರಿ ವಸೂಲಿಗೆ ಒಬ್ಬ ಹುಡುಗನನ್ನು ಇಡಬೇಕು. ನಮ್ಮ ಧಂದೆಯಲ್ಲಿ ಚಿತ್ರ ಬರೆಯುವುದಕ್ಕಿಂತ ಕಷ್ಟ ರೊಕ್ಕ ಕೇಳುವುದು. ಮದುವೆ ಆಲ್ಬಂ ಒಯ್ದವರು ಮಗುವಿನ ತೊಟ್ಟಿಲು ಕಾರ್ಯಕ್ಕೆ ಬಂದಾಗ ಹಳೇ ಬಾಕಿ ನೆನಪಿಸಬೇಕು. ನಾಚಿಕೆ ನಮಗೇ ಆಗುತ್ತದೆ.

ಹೊಸ ಸಂಘಕ್ಕೆ ಮೂರು ವರ್ಷದ ವಹಿವಾಟು ಎಲ್ಲಿಂದ ಬರುತ್ತದೆ ಅಂತ ಕೇಳಬಹುದು. ಸರಿಯಾದ ಮಾತು. ಅದಕ್ಕೇ ಈಗಿನ ಸಣ್ಣ ಕೆಲಸಗಳೇ, ಶಾಲೆ ಗ್ಯಾದರಿಂಗ್ ವಿಡಿಯೊ, ಅಂಗಡಿ ಬೋರ್ಡು, ಲಗ್ನಪತ್ರಿಕೆ, ಸಂಘದ ಬಿಲ್ಲಿನ ಮೇಲೆ ಹೋಗುತ್ತಾ ಇರಬೇಕು. ಜಿಎಸ್‌ಟಿ ಬಿದ್ದರೆ ಗಿರಾಕಿ ಗೊಣಗುತ್ತಾನೆ, ಅದೂ ನಿಜ. ಅದಕ್ಕೆ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ.

ಬೀದರಿನ ಗೆಳೆಯ ಆಡಿದ ಮಾತು ನನಗೆ ಜಾಸ್ತಿ ಹಿಡಿಸಿತು. ಬಿದ್ರಿಯಲ್ಲಿ ಸತು-ತಾಮ್ರದ ಎರಕ ಒಬ್ಬರದು, ಕೆತ್ತನೆ ಇನ್ನೊಬ್ಬರದು, ಆ ಗೀರಿನಲ್ಲಿ ಬೆಳ್ಳಿ ತಂತಿ ಕೂರಿಸುವುದು ಮತ್ತೊಬ್ಬರದು. ಕೊನೆಗೆ ಕೋಟೆಯ ಮಣ್ಣು, ನವಸಾಗರ ಕಲಸಿ ಉಜ್ಜಿದಾಗ ಲೋಹ ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಹೊಳೆಯುತ್ತದೆ. "ನಾವು ಮೊದಲಿಂದ ಕೂಡೇ ಮಾಡ್ತೀವಿ ಭಾಯ್. ಬೆಳ್ಳಿ ಖರೀದಿ ಮಾಡೋದು ಮಾತ್ರ ಒಬ್ಬೊಬ್ರೇ" ಅಂದ. 2006ರಲ್ಲಿ ಬಿದ್ರಿಗೆ ಜಿಐ ಟ್ಯಾಗ್ (ಭೌಗೋಳಿಕ ಗುರುತು) ಬಂತು. 2023ರಲ್ಲಿ ಬೀದರಿನ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂತು. ಎರಡೂ ಸಂತೋಷವೇ. ಆದರೆ ಸರಾಫನ ಅಂಗಡಿಯಲ್ಲಿ ಪದ್ಮಶ್ರೀ ನೋಡಿ ಬೆಳ್ಳಿ ರೇಟು ಇಳಿಸುವುದಿಲ್ಲ. ಹತ್ತು ಜನ ಕೂಡಿ ಒಮ್ಮೆಗೇ ಕೊಂಡರೆ ಒಂದಿಷ್ಟು ಇಳಿದೀತು.

ಮದ್ರಾಸಿನ ಹತ್ತಿರದ ಚೋಳಮಂಡಲದ ಕಥೆಯನ್ನೂ ಅವತ್ತು ಹೇಳಿದೆ. 1966ರಲ್ಲಿ ಕೆ.ಸಿ.ಎಸ್. ಪಣಿಕ್ಕರ್ ಅವರ ಜೊತೆ ಒಂದಿಷ್ಟು ಕಲಾವಿದರು ಕೂಡಿ ಸಮುದ್ರದ ಬದಿಗೆ ತಮ್ಮದೇ ಹಳ್ಳಿ ಕಟ್ಟಿದರು. ಭೂಮಿಗೆ ರೊಕ್ಕ ಬಂದದ್ದು ಬಾಟಿಕ್ ಬಟ್ಟೆಯಂಥ ಕೈಕೆಲಸ ಮಾರಿ. ಮೊದಲು ಗಲ್ಲಾ, ಆಮೇಲೆ ಗೋಡೆ. ನಾವು ಉಲ್ಟಾ ಹೊರಟಿದ್ದೇವೆ ಅನ್ನಿಸುತ್ತದೆ.

ಫೋಟೊದವರ ತಕರಾರು ಬೇರೆ ಇತ್ತು. ತಾವು ತೆಗೆದ ಜಾತ್ರೆಯ ಫೋಟೊ ಕಂಡ ಕಂಡ ಪೋಸ್ಟರಿನಲ್ಲಿ ಬರುತ್ತದೆ, ಕೇಳುವಂತಿಲ್ಲ ಅಂತ. 1957ರ ಹಕ್ಕುಸ್ವಾಮ್ಯ ಕಾಯ್ದೆಯ ಪ್ರಕಾರ, ಯಾರಾದರೂ ದುಡ್ಡು ಕೊಟ್ಟು ಹೇಳಿ ತೆಗೆಸಿದ ಫೋಟೊದ ಮೊದಲ ಹಕ್ಕು ತೆಗೆಸಿದವರದು, ಬೇರೆ ಕರಾರು ಇಲ್ಲದಿದ್ದರೆ. ನಮ್ಮ ಬಲವೆಲ್ಲ ಆ 'ಇಲ್ಲದಿದ್ದರೆ'ಯಲ್ಲಿದೆ. ಒಬ್ಬನೇ ಫೋಟೊಗ್ರಾಫರ್ ಕರಾರು ಪತ್ರ ಮುಂದಿಟ್ಟರೆ ಗಿರಾಕಿ ಎದ್ದು ಹೋಗುತ್ತಾನೆ. ಎಲ್ಲ ಅಂಗಡಿಯಲ್ಲೂ ಬಿಲ್ಲಿನ ಹಿಂಬದಿಗೆ ಅದೇ ನಾಲ್ಕು ಸಾಲು ಅಚ್ಚಾಗಿದ್ದರೆ ಎಲ್ಲಿಗೆ ಹೋಗುತ್ತಾನೆ? 1947ರಲ್ಲಿ ಮ್ಯಾಗ್ನಂ ಅಂತ ಫೋಟೊಗ್ರಾಫರುಗಳ ಸಹಕಾರಿ ಕಟ್ಟಿದವರೂ ಚಿತ್ರದ ಹಕ್ಕು ತೆಗೆದವನ ಹತ್ತಿರವೇ ಇರಬೇಕು ಅಂತಲೇ ಹಟ ಹಿಡಿದಿದ್ದರು.

ಇನ್ನೊಂದು ಮಾತು ಹೇಳಲೇಬೇಕು, ನನಗೆ ಸಲೀಸಲ್ಲದಿದ್ದರೂ. 2024ರಲ್ಲಿ ಬೋರ್ಡಿನಲ್ಲಿ ಶೇ 60ರಷ್ಟು ಕನ್ನಡ ಇರಬೇಕೆಂಬ ಕಾನೂನು ಬಂದಾಗ ಅಂಗಡಿಯವರೆಲ್ಲ ನಮ್ಮ ಹತ್ತಿರ ಓಡಿ ಬಂದರು. ಅಂಥ ಸೀಸನ್ ನಾನು ನೋಡಿರಲಿಲ್ಲ. ಕೆಲಸ ಅಷ್ಟಿದ್ದಾಗ ರೇಟು ಏರಬೇಕಿತ್ತು ಅಲ್ವಾ? ಇಳಿಯಿತು. ಒಬ್ಬ ಬಟ್ಟೆ ವ್ಯಾಪಾರಿಗೆ ನನ್ನ ಗೆಳೆಯ ಒಂದು ರೇಟು ಹೇಳಿದ್ದ. ಸ್ಕ್ವೇರ್ ಫೂಟಿಗೆ ನಲವತ್ತು ರೂಪಾಯಿ ಕಡಿಮೆ ಮಾಡಿ ಆ ಕೆಲಸ ಹಿಡಿದವನು ನಾನೇ. ಮೂರು ತಿಂಗಳು ಅವನು ನನ್ನ ಅಂಗಡಿ ಮುಂದೆ ಹಾದರೂ ತಿರುಗಿ ನೋಡಲಿಲ್ಲ. ಆ ವ್ಯಾಪಾರಿ ಕೊನೆಗೆ ನನಗೂ ಅರ್ಧ ರೊಕ್ಕವೇ ಕೊಟ್ಟ. ಅವತ್ತು ಫ್ಲೆಕ್ಸಿನ ಮೇಲೆ ನನ್ನ ಪಕ್ಕದಲ್ಲಿ ಕೂತವನು ಅದೇ ಗೆಳೆಯ. "ಸಂಘದಾಗ ಇದ್ದು ಹೊರಗ ರೇಟು ಒಡೆದವರಿಗೆ ಏನು ಶಿಕ್ಷಾ?" ಅಂತ ಕೇಳಿದ. ನನ್ನ ಕಡೆ ನೋಡಲಿಲ್ಲ, ಪುಣ್ಯ. ಸಂಘದ ನಿಯಮಗಳ ಪಟ್ಟಿಯಾದ ಬೈಲಾದಲ್ಲಿ ಮೊದಲು ಬರೆದ ಕಲಮು ಅದೇ.

ಅಧಿಕಾರಿಗಳಿಗೆ ನನ್ನ ವಿನಂತಿ ಚಿಕ್ಕದು. ಒಂದೇ ಗಂಟಿನ ಟೆಂಡರ್ ಒಡೆದು ಡಿಸೈನ್, ಅಚ್ಚು, ಫೋಟೊ ಬೇರೆ ಬೇರೆ ಕರೆಯಿರಿ. ಕನ್ನಡದ ಪ್ರೂಫ್ ನೋಡುವವರು ಇದೇ ಜಿಲ್ಲೆಯವರಿರಲಿ ಅಂತ ಒಂದು ಸಾಲು ಸೇರಿಸಿ. ಯಾದಗಿರಿ, ಬೀದರಿನ ಕಸುಬುದಾರರು ಅಲ್ಲಲ್ಲೇ ಹತ್ತಿಪ್ಪತ್ತು ಜನ ಸೇರಿದರೆ ನಮ್ಮ ಕರಡು ಬೈಲಾ ಕೊಡಲು ನಾವು ತಯಾರಿದ್ದೇವೆ. ಕಾಪಿ ಹೊಡೆಯಲಿ, ಇದಕ್ಕೆ ಹಕ್ಕುಸ್ವಾಮ್ಯ ಇಲ್ಲ.

ಸಂಘ ಹುಟ್ಟುಹಾಕುವ ಮುಖ್ಯ ಪ್ರವರ್ತಕರಾಗಿ ಡಿಟಿಪಿ ಅಕ್ಕನೊಬ್ಬರನ್ನು ಆರಿಸಿದ್ದೇವೆ. ಲೆಕ್ಕ ಸರಿ ಇಡುವವರು ನಮ್ಮಲ್ಲಿ ಅವರೊಬ್ಬರೇ. ಷೇರು ಹಣ ಕೂಡಿಸಲು ಅನುಮತಿ ಕೇಳಿ ಅರ್ಜಿ ಬರೆದಾಗಿದೆ. ಬಡ್ಡಿ ಕೇಳಿದ ಹಿರಿಯರೇ ಮೊದಲ ಸಹಿ ಹಾಕಿದ್ದಾರೆ. ಬಿಲ್ ಬುಕ್ಕಿನ ಅಚ್ಚು ಮಾತ್ರ ನಿಂತಿದೆ. ಲೋಗೋಗೆ ಇಲ್ಲಿಯವರೆಗೆ ಹನ್ನೊಂದು ಡಿಸೈನ್ ಬಂದಿವೆ, ಒಬ್ಬರದು ಇನ್ನೊಬ್ಬರು ಒಪ್ಪುತ್ತಿಲ್ಲ. ಬರುವ ಭಾನುವಾರ ಮತ್ತೆ ಕೂರುತ್ತೇವೆ.

– ಒಬ್ಬ ಡಿಸೈನರ್, ಸೂಪರ್ ಮಾರ್ಕೆಟ್ ಹತ್ತಿರ, ಕಲಬುರಗಿ