ದುಡಿಯುವವರ ಲೆಕ್ಕದಲ್ಲಿ ನಮ್ಮ ಹೆಣ್ಣುಮಕ್ಕಳು

ಮಾನ್ಯ ಸಂಪಾದಕರೇ,

ಏಷ್ಯಾದ ದೇಶಗಳಲ್ಲಿ ದುಡಿಯುವ ಜನರ (ಕೆಲಸ ಹುಡುಕುತ್ತಿರುವವರೂ ಸೇರಿ) ಸಂಖ್ಯೆ ಹೋಲಿಸಿದಾಗೆಲ್ಲ ಚೀನಾ ಮೊದಲು, ನಾವು ಎರಡನೆಯವರು ಅಂತ ಹೇಳಿ ಸುಮ್ಮನಾಗುತ್ತೇವೆ. ಚೀನಾದಲ್ಲಿ 70 ಕೋಟಿಗೂ ಜಾಸ್ತಿ, ನಮ್ಮಲ್ಲಿ 50 ಕೋಟಿಗೂ ಜಾಸ್ತಿ. ಆದರೆ 2023ರಲ್ಲೇ ಜನಸಂಖ್ಯೆಯಲ್ಲಿ ಚೀನಾವನ್ನು ದಾಟಿದ್ದೇವೆ ಅಲ್ವಾ, ಮತ್ತೆ ಇಷ್ಟು ಅಂತರ ಯಾಕೆ? ನಮ್ಮಲ್ಲಿ ಮಕ್ಕಳು ಜಾಸ್ತಿ, ಅದೊಂದು ಕಾರಣ. ದೊಡ್ಡ ಕಾರಣ ಹೆಂಗಸರು ಈ ಲೆಕ್ಕಕ್ಕೆ ಬಾರದಿರುವುದು. ವಿಯೆಟ್ನಾಂನಲ್ಲಿ 15 ವರ್ಷ ದಾಟಿದ ಹತ್ತು ಹೆಂಗಸರಲ್ಲಿ ಆರೇಳು ಮಂದಿ ಲೆಕ್ಕದಲ್ಲಿದ್ದಾರೆ. ನಮ್ಮಲ್ಲಿ ಇಂಥ ಹೆಂಗಸರ ಪಾಲು ಕೇಂದ್ರದ ಸಮೀಕ್ಷೆ ಪ್ರಕಾರ 2017-18ರಲ್ಲಿ ಶೇ 23.3 ಇದ್ದದ್ದು 2023-24ಕ್ಕೆ ಶೇ 41.7 ಆಗಿದೆ.

ಏರಿದ್ದು ಖುಷಿಯೇ. ಆದರೆ ಇದರಲ್ಲಿ ಮನೆಯ ಹೊಲದಲ್ಲಿ ಕೂಲಿಯಿಲ್ಲದೆ ದುಡಿಯುವವರೂ ಸೇರಿದ್ದಾರೆ. ಇನ್ನೊಂದು ಕಡೆ, ದುಡಿದರೂ ಲೆಕ್ಕಕ್ಕೆ ಸಿಗದವರಿದ್ದಾರೆ. ನಮ್ಮ ಕಲಬುರಗಿಯ ತೊಗರಿ ಹೊಲಗಳನ್ನೇ ನೋಡಿ. ಕಳೆ ತೆಗೆಯುವುದು, ಕೊಯ್ಲು, ರಾಶಿ, ಎಲ್ಲದರಲ್ಲೂ ಹೆಣ್ಣುಮಕ್ಕಳಿದ್ದಾರೆ, ಆದರೂ ಸಮೀಕ್ಷೆಯವರು ಬಂದರೆ ಗಂಡಸರು ‘ಆಕಿ ಮನ್ಯಾಗೇ ಇರ್ತಾಳ್ರೀ’ ಅಂದುಬಿಡುತ್ತಾರೆ. ಇದು ನನಗೆ ನಿಜವಾಗಿಯೂ ಸಂಕಟ ತರುತ್ತದೆ. ಸಮೀಕ್ಷೆಯವರು ಆಕೆಯನ್ನೇ ಕೇಳಲಿ. ನೀವೂ ಇಂಥ ಅಂಕಿಗಳನ್ನು ಹಾಕುವಾಗ ಗಂಡಸರೆಷ್ಟು, ಹೆಂಗಸರೆಷ್ಟು, ಅವರಲ್ಲಿ ಕೈಗೆ ಕಾಸು ಬರುವವರೆಷ್ಟು ಅಂತ ಬಿಡಿಸಿ ಪ್ರಕಟಿಸಿ.

– ಒಬ್ಬ ಓದುಗ, ಸೇಡಂ, ಕಲಬುರಗಿ ಜಿಲ್ಲೆ